ನೀಲಿ ಬ್ಯಾಗಿನ ಅಕ್ಷತೆ

ಸಿಡ್ನಿಯ ರೌಸ್ ಹಿಲ್‌ನ ಕನ್ನಡದ ಮನೆಗಳಲ್ಲಿ ನನಗೆ ಕ್ವಾರಂಟೈನ್ ಆಂಟಿ ಎಂಬ ಹೆಸರಿದೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಮಕ್ಕಳ ಬಾಯಿಗೆ ಬೀಗ ಹಾಕುವವರು ಯಾರು? ಹೆಸರು ಬಂದದ್ದು ನನ್ನ ಕೆಲಸದಿಂದ. ಹೊರದೇಶದಿಂದ ಹಡಗಿನಲ್ಲಿ ಬರುವ ಅಕ್ಕಿ, ಹುಣಸೆಹಣ್ಣು, ಒಣಮೆಣಸಿನಕಾಯಿಗಳ ತಪಾಸಣೆಗೆ ಕಾಗದಪತ್ರ ತಯಾರು ಮಾಡುವ ಒಂದು ಸಣ್ಣ ಆಫೀಸಿನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಒಂದು ಚೀಲದಲ್ಲಿ ಒಂದು ಹುಳ ಕಂಡರೂ ಇಡೀ ಕಂಟೇನರ್ ಬಂದರಿನಲ್ಲೇ ನಿಲ್ಲುತ್ತದೆ. ಹಾಗಾಗಿ ಯಾರ ಅಪ್ಪ ಅಮ್ಮ ಊರಿನಿಂದ ಹೊರಟರೂ ಮೊದಲು ನನಗೆ ಫೋನ್ ಬರುತ್ತದೆ. ಕರಿಬೇವು ಬೇಡ, ಹಸಿ ಅರಿಶಿನ ಬೇಡ, ಬಿತ್ತನೆ ಬೀಜ ಬೇಡವೇ ಬೇಡ, ಮಿಕ್ಕಿದ್ದನ್ನೆಲ್ಲ ಏರ್‌ಪೋರ್ಟಿನ ಫಾರಂನಲ್ಲಿ ಡಿಕ್ಲೇರ್ ಮಾಡಿ ಎಂದು ಪಾಠ ಒಪ್ಪಿಸುತ್ತೇನೆ. ಸೀರೆಯ ಮಡಿಕೆಯೊಳಗೆ ಸೀತಾಫಲದ ಬೀಜ ತಂದು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದ ಒಬ್ಬ ಹಿರಿಯರು "ಮರೆತೇಹೋಗಿತ್ತಮ್ಮಾ" ಎಂದಾಗ, ನಾನು ಅವರ ಮಗಳ ಎದುರಿಗೇ, "ಅದು ಮರೆವಲ್ಲ ಆಂಟಿ, ಅಸಡ್ಡೆ" ಎಂದುಬಿಟ್ಟಿದ್ದೆ. ಆ ಮಾತು ಈಗ ನೆನಪಾದರೆ ಕೂತಲ್ಲೇ ಮೈ ಮುದುರಿಕೊಳ್ಳುತ್ತೇನೆ.

ನನ್ನ ಸ್ವಭಾವವೇ ಹಾಗೆ. ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಇನ್ನೊಬ್ಬರ ತಪ್ಪು ಎಂದು ಸೇರಿಸಬೇಕು.

ನಾನು ಅಕ್ಕ ಎಂದು ಕರೆಯುವವಳು ಒಡಹುಟ್ಟಿದವಳಲ್ಲ. ಇಪ್ಪತ್ತೈದು ವರ್ಷದ ಹಿಂದೆ ಮೈಸೂರಿನಿಂದ ಓದಲು ಬಂದು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಇಳಿದಾಗ, ಬಾಡಿಗೆ ಮನೆಯ ತನ್ನ ಕೋಣೆಯಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟವಳು. ಹುಬ್ಬಳ್ಳಿಯ ಕಡೆಯವಳು, ನರ್ಸಿಂಗ್ ಓದುತ್ತಿದ್ದಳು, ನನಗಿಂತ ಐದಾರು ವರ್ಷ ದೊಡ್ಡವಳು. ಆ ಮನೆಯ ಹೀಟರ್ ಕೆಟ್ಟು ಎರಡು ಚಳಿಗಾಲ ಕಳೆದರೂ ಮನೆ ನೋಡಿಕೊಳ್ಳುವ ಏಜೆಂಟ್ ರಿಪೇರಿ ಮಾಡಿಸಲಿಲ್ಲ. ಯಾರೋ ಬೀದಿಗೆ ಹಾಕಿದ್ದ ಟಿ.ವಿ.ಯೊಂದನ್ನು ಹೊತ್ತು ತಂದು, ಒಂದೇ ರಗ್ಗಿನೊಳಗೆ ಇಬ್ಬರೂ ಕೂತು ಪೆಂಗ್ವಿನ್‌ಗಳ ಕಾರ್ಯಕ್ರಮ ನೋಡುತ್ತಿದ್ದೆವು. ಹಿಮಗಾಳಿಯಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತಿದ್ದವು. "ನಮಗಿಂತ ಅವು ಬೆಚ್ಚಗ ಅದಾವಲ್ಲೇ" ಎನ್ನುತ್ತಿದ್ದಳು ಅಕ್ಕ. "ಒಂದ ದಿನ ಹೋಗಿ ಅವುಗಳ ನಡುವ ನಿಂತ ಬರೋಣು. ನಿಂತ ಬಂದ್ರ ಸಾಕು."

ಅದೇ ಮನೆಯಲ್ಲಿ ನಾನು ಕಾದ ಬಾಣಲೆಯನ್ನು ಕಾರ್ಪೆಟ್ಟಿನ ಮೇಲಿಟ್ಟು ಸುಟ್ಟಿದ್ದೆ. ಏಜೆಂಟ್ ಇನ್ಸ್‌ಪೆಕ್ಷನ್‌ಗೆ ಬಂದಾಗ ನಾನು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ಅಕ್ಕ ತಾನೇ ಸುಟ್ಟಿದ್ದೆಂದು ಹೇಳುತ್ತಿರುವುದು ಕೇಳಿಸುತ್ತಿತ್ತು. ಮುಂದೆ ಅವಳಿಗೆ ಬೇರೆ ಮನೆ ಬೇಕಾದಾಗ ಆ ಏಜೆಂಟ್ ಒಳ್ಳೆಯ ಬಾಡಿಗೆದಾರಳೆಂದು ಬರೆದುಕೊಡಲಿಲ್ಲ. "ಬಿಡ, ನಿನ್ನ ವೀಸಾ ಹೊಸಾದು, ನಿನ್ನ ಹೆಸರು ಯಾಕ ಕೆಡಬೇಕು" ಎಂದು ಅವಳು ಆ ವಿಷಯವನ್ನು ಅಲ್ಲಿಗೇ ಮುಗಿಸಿದಳು. ನಾನೂ ಮುಗಿಸಿದೆ. ಮನುಷ್ಯರು ಇಂಥದ್ದಕ್ಕೆ ಬಹಳ ಬೇಗ ಹೊಂದಿಕೊಳ್ಳುತ್ತಾರೆ.

ಮದುವೆಯಾಗಿ ನಾನು ಸಿಡ್ನಿಗೆ ಬಂದೆ, ಅವಳು ಕ್ಲೇಟನ್‌ನಲ್ಲೇ ಉಳಿದಳು. ಆರು ವರ್ಷದ ಹಿಂದೆ ಅವಳ ಗಂಡನಿಗೆ ಲಕ್ವ ಹೊಡೆಯಿತು. ಅಂದಿನಿಂದ ಆಸ್ಪತ್ರೆಯ ಡ್ಯೂಟಿಯನ್ನು ವಾರಕ್ಕೆ ಎರಡೇ ದಿನ ಮಾಡಿಕೊಂಡು, ಉಳಿದ ಐದು ದಿನ ಮನೆಯಲ್ಲಿ ಅವರನ್ನು ಏಳಿಸುವುದು, ತೊಳೆಯುವುದು, ತಿನ್ನಿಸುವುದು. ಆರು ವರ್ಷದಲ್ಲಿ ಒಂದು ರಾತ್ರಿಯೂ ಅವಳು ಆ ಮನೆಯ ಹೊರಗೆ ಮಲಗಿರಲಿಲ್ಲ. ಮೊನ್ನೆಯ ಬೇಸಿಗೆಯಲ್ಲಿ ಹಟ ಹಿಡಿದವಳು ಅವಳ ಮಗಳು. ಯೂನಿವರ್ಸಿಟಿಯಲ್ಲಿ ಓದುವ ಇಪ್ಪತ್ತು ವರ್ಷದ ಹುಡುಗಿ, ರಜೆಯಲ್ಲಿ ಗೆಳತಿಯರ ಜೊತೆ ನ್ಯೂಜಿಲೆಂಡಿಗೆ ಹೋಗುವವಳಿದ್ದಳು. ಅದನ್ನು ಬಿಟ್ಟು, ಮೂರು ವಾರ ಅಪ್ಪನನ್ನು ತಾನು ನೋಡಿಕೊಳ್ಳುತ್ತೇನೆ, ನೀನು ಆಂಟಿಯ ಜೊತೆ ನಿನ್ನ ಪೆಂಗ್ವಿನ್ ನೋಡಿ ಬಾ ಎಂದು ಅಮ್ಮನನ್ನು ಹೊರಡಿಸಿದಳು. ಇದು ಇನ್ನೊಂದು ಸಲ ಆಗುವ ಮಾತಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹಡಗು ಹೊರಡುವುದು ಹೋಬಾರ್ಟಿನಿಂದ. ಅಕ್ಕ ಹಿಂದಿನ ದಿನವೇ ನಮ್ಮ ಮನೆಗೆ ಬಂದಳು, ಇಬ್ಬರೂ ಸಿಡ್ನಿಯಿಂದ ವಿಮಾನದಲ್ಲಿ ಹೋಗುವುದೆಂದು ಮಾತಾಗಿತ್ತು. ಬರುವಾಗ ಎರಡು ನೀಲಿ ಬೆನ್ನುಚೀಲ ತಂದಿದ್ದಳು, ಅಚ್ಚು ಒಂದೇ ಥರದವು, ಒಂದು ತನಗೆ, ಒಂದು ನನಗೆ. ಹೊರಡುವ ಬೆಳಿಗ್ಗೆ ನಮ್ಮತ್ತೆ ದೇವರ ಮುಂದೆ ದೀಪ ಹಚ್ಚಿ ಇಬ್ಬರಿಗೂ ಕುಂಕುಮ ಇಟ್ಟರು. ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆ ಇರುವವರು, ಎಂಬತ್ತರ ಹತ್ತಿರದವರು. ನಾವು ನಮಸ್ಕಾರ ಮಾಡಿದಾಗ ತಲೆಯ ಮೇಲೆ ಧಾರಾಳವಾಗಿ ಅಕ್ಷತೆ ಹಾಕಿದರು. ಅರಿಶಿನದ ಅಕ್ಕಿ ಕೂದಲಿನಿಂದ ಭುಜಕ್ಕೆ, ಭುಜದಿಂದ ನೆಲಕ್ಕೆ ಉದುರಿತು. ಅಕ್ಷತೆಯನ್ನು ತುಳಿಯಬಾರದು, ಅದು ನಮಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಇಬ್ಬರೂ ಬಗ್ಗಿ ಆಯತೊಡಗಿದೆವು. ಅಷ್ಟರಲ್ಲಿ ಹೊರಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಅಕ್ಕ ತನ್ನ ಪಾಲಿನದನ್ನು ಬಾಗಿಲ ಪಕ್ಕದ ಕರಿಬೇವಿನ ಕುಂಡಕ್ಕೆ ಹಾಕಿ ಕೈ ಝಾಡಿಸಿದಳು. ನಾನು ಸೂಟ್‌ಕೇಸ್ ಎಳೆಯುವ ಗಡಿಬಿಡಿಯಲ್ಲಿ ನನ್ನ ಹಿಡಿಯನ್ನು ಬ್ಯಾಗಿನ ಮುಂದಿನ ಸಣ್ಣ ಜೇಬಿಗೆ ಸುರಿದುಕೊಂಡೆ. ಏರ್‌ಪೋರ್ಟಿನಲ್ಲಿ ಯಾವುದಾದರೂ ಗಿಡದ ಬುಡಕ್ಕೆ ಹಾಕಿದರಾಯಿತು ಎಂದುಕೊಂಡೆ. ಆಮೇಲೆ ಮರೆತೆ.

ಹೋಬಾರ್ಟಿನ ಹೋಟೆಲಿನಲ್ಲಿ ಅಕ್ಕ ಕೇಳಿದಳು.

"ಆ ಅಕ್ಷತಿ ತಗದ ಹಾಕಿದಿಯೇನ? ಬ್ಯಾಗಿನ್ಯಾಗ ಇಟ್ಕೊಂಡಿದ್ದಿ ನೋಡು."

"ಅಕ್ಕಾ, ನನ್ನ ಜಾಬೇ ಅದು. ನಂಗೇ ಹೇಳ್ಕೊಡ್ತೀಯಾ?" ಎಂದೆ. ಅವಳು ಅದಕ್ಕೆ ನಕ್ಕಳು.

ಹಡಗು ದೊಡ್ಡದಲ್ಲ, ನೂರಕ್ಕೂ ಕಡಿಮೆ ಜನ. ಮೊದಲು ದಕ್ಷಿಣದ ಒಂದು ಒಂಟಿ ದ್ವೀಪದಲ್ಲಿ ಇಳಿಯುವುದು, ಅಲ್ಲಿ ರಾಜ ಪೆಂಗ್ವಿನ್‌ಗಳ ದೊಡ್ಡ ಬೀಡಿದೆ. ಆಮೇಲೆ ಇನ್ನೂ ಕೆಳಗೆ ಹಿಮದ ತನಕ ಹೋಗುವುದು. ದ್ವೀಪಕ್ಕೆ ಕಾಲಿಡುವ ಮುನ್ನ ಎಲ್ಲರ ಬಟ್ಟೆ, ಬೂಟು, ಬ್ಯಾಗುಗಳ ತಪಾಸಣೆ ನಡೆಯುತ್ತದೆ. ಒಂದು ಹುಲ್ಲಿನ ಬೀಜ ಹೋದರೂ ಅಲ್ಲಿನ ನೆಲ ಹಾಳು. ಈ ವಿಷಯ ಹಡಗಿನವರು ಹೇಳುವ ಮುಂಚೆಯೇ ನಾನು ಊಟದ ಟೇಬಲ್ಲಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೆ. ಹಡಗಿನ ತಂಡದಲ್ಲಿ ನೆರೆಗೂದಲಿನ ಒಬ್ಬ ಹೆಂಗಸಿದ್ದಳು, ಕಡಲಹಕ್ಕಿಗಳನ್ನು ಬಲ್ಲವಳು, ತಪಾಸಣೆಯ ಹೊಣೆ ಅವಳದೇ. ನನ್ನ ಕೆಲಸದ ವಿಷಯ ತಿಳಿದು ಅವಳಿಗೆ ಖುಷಿಯಾಯಿತು. ಎಲ್ಲರೂ ನಿಮ್ಮ ಹಾಗಿದ್ದರೆ ನನಗೆ ರಜೆ ಕೊಡಬಹುದಿತ್ತು ಎಂದಳು. ಎರಡು ದಿನ ಆ ಮಾತಿನ ಮೇಲೆ ನಾನು ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಲಾಂಜಿನಲ್ಲಿ ತಪಾಸಣೆ. ಸಾಲು ಟೇಬಲ್ಲುಗಳು, ವ್ಯಾಕ್ಯೂಮ್ ಕ್ಲೀನರ್‌ಗಳು, ಬ್ರಷ್ಷು, ಚಿಮಟ. ಬೂಟಿನ ಅಡಿಯ ಗೆರೆಗಳಿಂದ ಮಣ್ಣು ಕೆರೆಯುವವರು, ಕೈಗವಸಿನ ಅಂಟುಪಟ್ಟಿಯಿಂದ ನಾರು ಹೆಕ್ಕುವವರು. ಎಲ್ಲವೂ ಶುಚಿಯಾಗಿದೆ ಎಂದು ಪ್ರತಿಯೊಬ್ಬರೂ ಮೊದಲೇ ಸಹಿ ಹಾಕಿ ಕೊಡಬೇಕಿತ್ತು. ನನ್ನದು ನಾನು ನೋಡಿಕೊಂಡಿರಲಿಲ್ಲ. ಬೆಳಗ್ಗೆಯೆಲ್ಲ ನಾನು ಊರವರಿಗೆ ಸಹಾಯ ಮಾಡುತ್ತಿದ್ದೆ. ಅಹಮದಾಬಾದಿನ ವಯಸ್ಸಾದ ಗಂಡಹೆಂಡತಿಯ ಕೋಟಿನ ಜೇಬಿನಿಂದ ಸೋಂಪಿನ ಪೊಟ್ಟಣ ತೆಗೆಸಿ, ಹಿಂದಿಯಲ್ಲಿ ಸಣ್ಣದೊಂದು ಭಾಷಣವನ್ನೂ ಮಾಡಿದ್ದೆ. ಆ ಹೊಗಳಿಕೆಯ ಅಮಲಿನಲ್ಲಿ ನನ್ನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದೆ.

ನಮ್ಮ ಎರಡು ನೀಲಿ ಬ್ಯಾಗುಗಳೂ ಟೇಬಲ್ಲಿನ ಮೇಲೆ ಅಕ್ಕಪಕ್ಕ ಇದ್ದವು. ನೆರೆಗೂದಲಿನವಳು ಮೊದಲನೆಯದನ್ನು ನೋಡಿ ಪಕ್ಕಕ್ಕಿಟ್ಟಳು. ಎರಡನೆಯದರ ಮುಂದಿನ ಜೇಬನ್ನು ಒಳಗಿನಿಂದ ಹೊರಕ್ಕೆ ತಿರುವಿದಳು. ಹಳದಿ ಅಕ್ಕಿಕಾಳುಗಳು ಬಿಳಿಯ ಹಾಳೆಯ ಮೇಲೆ ಬಿದ್ದವು. ಇನ್ನೂ ಕೆಲವು ಹೊಲಿಗೆಯೊಳಗೆ ಸಿಕ್ಕಿಕೊಂಡಿದ್ದವು, ಅವನ್ನು ಚಿಮಟದಲ್ಲಿ ಒಂದೊಂದಾಗಿ ಎಳೆದಳು. ಯಾರದು ಈ ಬ್ಯಾಗು ಎಂದು ತಲೆಯೆತ್ತಿ ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ. ನನ್ನ ಹಿಂದೆ ಹದಿನೈದು ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು, ಅಹಮದಾಬಾದಿನವರೂ ಇದ್ದರು.

ಅದು ನನ್ನದೆಂದು ನನಗೆ ಗೊತ್ತಿತ್ತು. ಜಿಪ್ಪಿನ ತುದಿ ಮುರಿದದ್ದು ನನ್ನ ಬ್ಯಾಗಿನದು, ಕಣ್ಣೆದುರಿಗೇ ಇತ್ತು. ಗೊಂದಲವಾಯಿತು, ಗಾಬರಿಯಾಯಿತು ಎಂದೆಲ್ಲ ಬರೆದರೆ ಅದು ಇನ್ನೊಂದು ಸುಳ್ಳು. ನಾನು ಇಂಗ್ಲಿಷಿನಲ್ಲಿ, ತೀರಾ ಸಹಜವಾದ ದನಿಯಲ್ಲಿ, ಅದು ನನ್ನ ಫ್ರೆಂಡ್‌ದು, ನಮ್ಮಿಬ್ಬರದೂ ಒಂದೇ ಥರದ ಬ್ಯಾಗು ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಹೌದು, ನನ್ನದೇ, ಸಾರಿ ಎಂದಳು.

ಅಲ್ಲಿಗಾದರೂ ನಿಲ್ಲಬಹುದಿತ್ತು. ನಾನು ನಿಲ್ಲಲಿಲ್ಲ. ಜೇಬುಗಳನ್ನೆಲ್ಲ ನೋಡಿಕೋ ಅಂತ ನಿನಗೆ ಎಷ್ಟು ಸಲ ಹೇಳಿದ್ದೆ, ಇದೇನು ಆಟವೇ, ಆ ದ್ವೀಪಕ್ಕೆ ಏನಾಗುತ್ತೆ ಗೊತ್ತಾ ಎಂದು ಎಲ್ಲರ ಎದುರಿಗೆ ಇಂಗ್ಲಿಷಿನಲ್ಲಿ ಅವಳನ್ನು ಗದರಿದೆ. ಅವಳು ಕೈಕಟ್ಟಿಕೊಂಡು ಕೇಳಿಸಿಕೊಂಡಳು. ಕಡೆಗೆ ಆ ನೆರೆಗೂದಲಿನವಳೇ, ಇರಲಿ ಬಿಡಿ, ಆಗುತ್ತೆ ಎಂದು ನನ್ನ ತೋಳು ಮುಟ್ಟಿ ಸಮಾಧಾನ ಮಾಡಿದಳು. ನನ್ನನ್ನು ಸಮಾಧಾನ ಮಾಡಿದಳು.

ಅಕ್ಕನ ಸಾಮಾನನ್ನೆಲ್ಲ ಮತ್ತೆ ತೊಳೆದು, ಮತ್ತೆ ನೋಡಬೇಕು ಎಂದಾಯಿತು. ಮರುದಿನ ಬೆಳಗ್ಗೆ ದ್ವೀಪಕ್ಕೆ ಇಳಿಯುವ ಮೊದಲ ಗುಂಪಿನಲ್ಲಿ ನಾವಿಬ್ಬರೂ ಇದ್ದೆವು. ಈಗ ಅವಳ ಹೆಸರನ್ನು ಮಧ್ಯಾಹ್ನದ ಎರಡನೆಯ ಗುಂಪಿಗೆ ಹಾಕಿದರು. ಇಬ್ಬರೂ ಕ್ಯಾಬಿನ್ನಿಗೆ ಬಂದೆವು. ಬಾಗಿಲು ಹಾಕಿದ ಮೇಲೆ ಹೇಳೋಣ, ಕ್ಷಮಿಸು ಎನ್ನೋಣ ಎಂದುಕೊಂಡೆ. ಅವಳು ಸ್ವೆಟರ್ ಮಡಚಿಡುತ್ತಾ, "ನಡಿ, ಊಟಕ್ಕ ಹೊತ್ತಾತು" ಎಂದಳು. ಅದನ್ನೇ ನೆಪ ಮಾಡಿಕೊಂಡು ನಾನು ಬಾಯಿ ಮುಚ್ಚಿಕೊಂಡೆ. ಹೇಗೂ ಮಧ್ಯಾಹ್ನ ಹೋಗುತ್ತಾಳಲ್ಲ, ಬರೀ ನಾಲ್ಕು ಗಂಟೆ ತಡ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಗ್ಗೆ ರಬ್ಬರ್ ದೋಣಿಗೆ ಇಳಿಯುವಾಗ ಅವಳು ಡೆಕ್ಕಿನ ಕಂಬಿ ಹಿಡಿದು ನಿಂತಿದ್ದಳು. ಹಡಗಿನವರು ಎಲ್ಲರಿಗೂ ಕೊಟ್ಟಿದ್ದ ಕೆಂಪು ಜಾಕೆಟ್ ಹಾಕಿಕೊಂಡು ಕೈ ಬೀಸಿದಳು. ನಾನೂ ಬೀಸಿದೆ.

ದ್ವೀಪದಲ್ಲಿ ಮೊದಲು ಮೂಗಿಗೆ ಬಡಿದದ್ದು ವಾಸನೆ. ಕೊಳೆತ ಮೀನು ಮತ್ತು ಕೋಳಿಗೂಡು ಸೇರಿದಂಥದ್ದು, ಗಂಟಲಿನೊಳಗೆ ಕೂತುಬಿಡುತ್ತದೆ. ಆಮೇಲೆ ಸದ್ದು. ಸಾವಿರಾರು ಪೆಂಗ್ವಿನ್‌ಗಳು ಒಟ್ಟಿಗೆ ಕೂಗುತ್ತಿದ್ದವು. ಕಂದು ತುಪ್ಪಳದ ಮರಿಗಳು ಕಂಬಳಿ ಹೊದ್ದ ಅಜ್ಜಂದಿರ ಹಾಗೆ ನಿಂತಿದ್ದವು. ನಾವಾಗಿ ಅವುಗಳ ಹತ್ತಿರ ಹೋಗುವಂತಿಲ್ಲ, ಕೂರುವಂತಿಲ್ಲ, ಮಂಡಿಯೂರುವಂತಿಲ್ಲ. ಅವಾಗಿ ಬಂದರೆ ಅಲುಗಾಡದೆ ನಿಲ್ಲಬೇಕು. ನೆರೆಗೂದಲಿನವಳು ನನ್ನನ್ನು ಕರೆದು, ಈ ಕಡೆಯವರು ಮಿತಿಯ ಗೆರೆ ದಾಟದ ಹಾಗೆ ನೀವು ಸ್ವಲ್ಪ ನೋಡಿಕೊಳ್ಳಿ ಎಂದಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗಲೂ ನನಗೆ ಒಂದು ಗಳಿಗೆ ಹೆಮ್ಮೆಯಾಯಿತು.

ಆಗ ಒಂದು ಪೆಂಗ್ವಿನ್ ಗುಂಪು ಬಿಟ್ಟು ನನ್ನ ಕಡೆಗೇ ಬಂತು. ಹೆಜ್ಜೆಗೊಮ್ಮೆ ನಿಂತು, ಯೋಚಿಸಿ, ಮತ್ತೆ ಹೆಜ್ಜೆಯಿಟ್ಟು ಬಂತು. ಕಿವಿಯ ಹತ್ತಿರದ ಕೇಸರಿ ಬಣ್ಣ ಎದೆಯ ಮೇಲೆ ಹಳದಿಯಾಗಿ ಇಳಿದಿತ್ತು. ನನ್ನ ಬೂಟಿನ ಮುಂದೆ ನಿಂತು ತಲೆಯನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿಸಿ ನೋಡಿತು. ಬಗ್ಗಿ ನನ್ನ ಪ್ಯಾಂಟಿನ ತುದಿಯ ದಾರವನ್ನು ಕೊಕ್ಕಿನಲ್ಲಿ ಎರಡು ಸಲ ಎಳೆಯಿತು. ಪಕ್ಕದವರು ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ ಕತ್ತೆತ್ತಿ ಹಡಗಿನ ಕಡೆ ನೋಡುತ್ತಿದ್ದೆ. ಅಷ್ಟು ದೂರದಿಂದ ಡೆಕ್ಕಿನ ಮೇಲೆ ಕೆಂಪು ಚುಕ್ಕೆಯೊಂದು ಕಾಣುತ್ತಿತ್ತು. ಅವಳೋ ಬೇರೆ ಯಾರೋ ಗೊತ್ತಾಗಲಿಲ್ಲ. ಇಪ್ಪತ್ತೈದು ವರ್ಷ ಕಾದ ಹಕ್ಕಿ ಕಾಲಬುಡದಲ್ಲಿ ನಿಂತಾಗ ನನಗೆ ಅದರ ಕಣ್ಣು ನೋಡಲಾಗಲಿಲ್ಲ.

ನಾವು ವಾಪಸು ಹಡಗು ಹತ್ತುವಷ್ಟರಲ್ಲಿ ಗಾಳಿ ಎದ್ದಿತ್ತು. ಎರಡನೆಯ ಗುಂಪಿನವರು ಜಾಕೆಟ್ಟು, ಬೂಟು ಹಾಕಿಕೊಂಡು ಒಂದೂವರೆ ಗಂಟೆ ಕೂತಿದ್ದರು. ಅಲೆ ದೋಣಿಯನ್ನು ಏಣಿಗೆ ಅಪ್ಪಳಿಸುತ್ತಿದೆ, ಇವತ್ತು ಇನ್ನು ಯಾರೂ ಇಳಿಯುವಂತಿಲ್ಲ ಎಂದು ಮೈಕಿನಲ್ಲಿ ಹೇಳಿದರು. ನಾಳೆಗೆ ಕಾಯಲು ಹಡಗಿಗೆ ಪುರುಸೊತ್ತಿರಲಿಲ್ಲ. ಅಕ್ಕ ಬೂಟು ಬಿಚ್ಚಿ ಜೋಡಿಸಿಟ್ಟಳು. ಪಕ್ಕದಲ್ಲಿ ಅಳುತ್ತಿದ್ದ ಒಬ್ಬ ಹೆಂಗಸಿಗೆ ಟಿಶ್ಯೂ ಕೊಟ್ಟಳು. ಹಿಮದ ಹತ್ತಿರ ಹೋದ ಮೇಲೂ ಇಳಿಯಲಾಗಲಿಲ್ಲ, ದಡದ ತನಕ ಮಂಜುಗಡ್ಡೆ ಒತ್ತಿಕೊಂಡಿತ್ತು. ತಿಮಿಂಗಿಲದ ಬೆನ್ನು ಕಂಡಿತು, ಸೀಲ್‌ಗಳು ಮಲಗಿರುವುದು ಕಂಡಿತು. ದೂರದ ಹಿಮದ ಹಲಗೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಪೆಂಗ್ವಿನ್‌ಗಳು ಕಂಡವು. ಅಕ್ಕ ಬೈನಾಕ್ಯುಲರ್ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ಅವನ್ನೇ ನೋಡಿದಳು. ಗಾಳಿಗೆ ಬಂದ ನೀರು ಎಂದು ನಾನು ನಂಬಲು ಪ್ರಯತ್ನಪಟ್ಟೆ. ಹೇಳಲು ಹದಿನೈದು ದಿನಗಳಿದ್ದವು. ಹದಿನೈದು ದಿನವೂ ನಾನು ಹೇಳಲಿಲ್ಲ.

ವಾಪಸು ಬಂದು ಎರಡು ವಾರಕ್ಕೆ, ಒಂದು ಭಾನುವಾರ, ರೌಸ್ ಹಿಲ್‌ನ ನಾಲ್ಕಾರು ಮನೆಯವರು ಫೋಟೋ ನೋಡಲೆಂದು ನಮ್ಮಲ್ಲಿಗೆ ಬಂದರು. ಅತ್ತೆ ಖಾರಾಬಾತ್ ಕೇಸರಿಬಾತ್ ಮಾಡಿದ್ದರು. ಟಿ.ವಿ.ಯಲ್ಲಿ ಒಂದೊಂದೇ ಫೋಟೋ ಹಾಕಿ ವಿವರಿಸುತ್ತಿದ್ದೆ. ಯಾರೋ, "ಕ್ವಾರಂಟೈನ್ ಚೆಕಿಂಗ್ ಅಲ್ಲೂ ಇತ್ತಾ?" ಎಂದು ತಮಾಷೆಗೆ ಕೇಳಿದರು. ಸುಮ್ಮನೆ ಇತ್ತು ಎಂದಿದ್ದರೆ ಸಾಕಾಗಿತ್ತು.

"ಇಲ್ಲದೆ ಏನು? ನಮ್ಮ ಅಕ್ಕನ ಬ್ಯಾಗಲ್ಲೇ ಅಕ್ಷತೆ ಸಿಕ್ತು. ಎಲ್ಲರ ಮುಂದೆ ನಂಗೆ ತಲೆ ತಗ್ಗಿಸೋ ಹಾಗಾಯ್ತು. ಪಾಪ, ಅವಳ ಲ್ಯಾಂಡಿಂಗೇ ಹೋಯ್ತು" ಎಂದೆ. ಎಲ್ಲರೂ ಅಯ್ಯೋ ಎಂದು ನಕ್ಕರು. ನಾನೂ ನಕ್ಕೆ.

ಕಾಫಿಯ ತಟ್ಟೆ ಹಿಡಿದು ಬಂದಿದ್ದ ಅತ್ತೆ ಅಲ್ಲೇ ನಿಂತರು.

"ಅವಳ ಬ್ಯಾಗಲ್ಲಾ? ಅದ್ಹೇಗೆ? ಅವಳು ನನ್ನ ಕಣ್ಣೆದುರಿಗೇ ಅಷ್ಟನ್ನೂ ಆಯ್ದು ಕರಿಬೇವಿನ ಕುಂಡಕ್ಕೆ ಹಾಕಿದ್ಲಲ್ಲ. ಟ್ಯಾಕ್ಸಿ ಬಂತು ಅಂತ ಬ್ಯಾಗಿಗೆ ಸುರ್ಕೊಂಡಿದ್ದು ನೀನು ಕಣೇ."

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನೆನಪು ಗಟ್ಟಿಯಿರುವ ಮುದುಕಿ ತನಗೆ ಗೊತ್ತಿದ್ದದ್ದನ್ನು ಹೇಳಿದರು, ಅಷ್ಟೇ. ಕೋಣೆಯಲ್ಲಿ ಯಾರೂ ನನ್ನನ್ನು ನೋಡಲಿಲ್ಲ, ಎಲ್ಲರೂ ಟಿ.ವಿ.ಯನ್ನೇ ನೋಡಿದರು. ಪಕ್ಕದವರು ತೆಗೆದು ಕಳಿಸಿದ್ದ ಫೋಟೋದಲ್ಲಿ ಆ ಪೆಂಗ್ವಿನ್ ತಲೆ ವಾಲಿಸಿಕೊಂಡು ನಿಂತಿತ್ತು. ಸೀತಾಫಲದ ಬೀಜದ ಆಂಟಿಯ ಮಗಳು, "ಕಾಫಿ ಸೂಪರ್ ಅಜ್ಜಿ" ಎಂದಳು. ನಾನು ಅಲ್ಲಿಂದ ಕಾಲು ಕಿತ್ತು ಅಡುಗೆಮನೆಗೆ ಹೋದೆ. ಅವತ್ತು ಸಂಜೆಯೇ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿದೆ.

ಮುಂದಿನ ಶನಿವಾರ ಕ್ಲೇಟನ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸಿಗೂ ಕಾಯದೆ ನಡೆದೇ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಅವಳ ಗಂಡ, ಮಗಳು ಎಲ್ಲರ ಎದುರಿಗೂ ಹೇಳಬೇಕು, ಎಲ್ಲರ ಎದುರಿಗೆ ಮಾಡಿದ್ದನ್ನು ಒಬ್ಬಳ ಕಿವಿಯಲ್ಲಿ ಹೇಳಿ ಮುಗಿಸಬಾರದು ಎಂದು ನಿರ್ಧರಿಸಿದ್ದೆ. ಮುಂದಿನ ಕೋಣೆಯಲ್ಲಿ ಅವಳ ಗಂಡ ಗಾಲಿಕುರ್ಚಿಯಲ್ಲಿ ಕೂತು ಕ್ರಿಕೆಟ್ ನೋಡುತ್ತಿದ್ದರು, ಬಲಗೈ ಎತ್ತಿ ನಕ್ಕರು. ಮಗಳು ಅಂಗಡಿಗೆ ಹೋಗಿದ್ದಳು. ಅಕ್ಕ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

ನಾನು ಚೀಲ ಕೂಡ ಕೆಳಗಿಡದೆ, "ಅಕ್ಕಾ, ಆ ಬ್ಯಾಗು ನನ್ನದು" ಎಂದೆ.

"ಗೊತ್ತಿದ್ದ ಮಾತ ಹೇಳಾಕ ವಿಮಾನ ಹತ್ತಿ ಬಂದೀಯೇನ?" ಎಂದಳು. ಕೈ ನಿಲ್ಲಿಸಲಿಲ್ಲ.

"ಮತ್ತೆ ನೀನ್ಯಾಕೆ ಹೂಂ ಅಂದೆ?"

"ನಾ ಅಲ್ಲಾ ಅಂದಿದ್ರ ನೀ ಅಷ್ಟ ಮಂದಿ ಮುಂದ ಸುಳ್ಳಿ ಆಗತಿದ್ದಿ. ಅದನ್ನ ನೋಡಕೋತ ನಿಂದ್ರಾಕ ನನಗ ಆಗತಿದ್ದಿಲ್ಲ." ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಳು. "ಅದಕ್ಕ ನನಗ ಸಿಟ್ಟಿಲ್ಲ. ಆಮ್ಯಾಲೆ ಬೈದಿಯಲ್ಲ, ಅದು ಹೋಗವಲ್ದು. ಕನ್ನಡದಾಗ ಬೈದಿದ್ರ ನಮ್ಮಿಬ್ಬರೊಳಗ ಇರತಿತ್ತು. ನೀ ಇಂಗ್ಲಿಷಿನ್ಯಾಗ ಬೈದಿ. ಎಲ್ಲಾರಿಗೂ ತಿಳೀಲಿ ಅಂತ."

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ನಾನು ಅಳತೊಡಗಿದೆ, ಅದಕ್ಕೂ ನಾಚಿಕೆಯಾಯಿತು. ಅಳಬೇಕಾದವಳು ರೊಟ್ಟಿ ಬೇಯಿಸುತ್ತಿದ್ದಳು.

"ನಿನ್ನ ಮಗಳು ಬರಲಿ. ಅವಳ ಮುಂದೇನೇ ಎಲ್ಲ ಹೇಳ್ತೀನಿ. ನನ್ನಿಂದ ನಿನ್ನ ಲ್ಯಾಂಡಿಂಗ್ ಹೋಯ್ತು ಅಂತ ಅವಳಿಗೂ ಗೊತ್ತಾಗ್ಲಿ."

ಆಗ ಅವಳ ಕೈ ನಿಂತಿತು.

"ಬ್ಯಾಡ. ಅದೊಂದು ಮಾಡಬ್ಯಾಡ." ದನಿ ತಗ್ಗಿಸಿದಳು. "ಅಕಿಗೆ ನಾ ದ್ವೀಪಕ್ಕ ಇಳದೀನಿ ಅಂತ ಹೇಳೀನಿ."

ನಾನು ಚೀಲ ಕೆಳಗಿಟ್ಟೆ.

"ಮೂರ ವಾರ ಅಪ್ಪನ್ನ ಎತ್ತಿ ಇಳಿಸಿ ಬೆನ್ನ ಹಿಡಕೊಂಡ ಕುಂತಿತ್ತ ಹುಡುಗಿ. ಬಾಗಲಾ ತಗದ ಕೂಡ್ಲೆ ಮೊದಲ ಕೇಳಿದ್ದ ಅದು, ಪೆಂಗ್ವಿನ್ ನಡುವ ನಿಂತಿಯೇನ ಅಂತ. ಇಲ್ಲವಾ, ಹಡಗದಾಗ ಕುಂತ ಬಂದ್ನಿ ಅಂತ ಹೆಂಗ ಹೇಳ್ಲಿ? ಹೂಂ ನಿಂತ್ನಿ ಅಂದ್ನಿ. ಈಗ ದಿನಾ ಕೇಳ್ತಾಳ. ಹೆಂಗಿದ್ದವು, ಹತ್ರ ಬಂದವೇನ, ವಾಸನಿ ಹೆಂಗಿತ್ತು. ನಾ ಟೀವ್ಯಾಗ ನೋಡಿದ್ದ ಹೇಳಿ ಹೇಳಿ ಸಾಕಾತು. ಫೋಟೋ ಎಲ್ಲಾ ನಿನ್ನ ಹತ್ರ ಅದಾವು ಅಂದೀನಿ." ಹೆಂಚಿನ ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. "ನೀ ಯಾರಿಗೂ ಹೇಳಿಲ್ಲಲಾ?"

"ಸಿಡ್ನೀಲಿ ಹೇಳಿದೀನಿ" ಎಂದೆ. "ನಿನ್ನ ಬ್ಯಾಗು ಅಂತಾನೇ ಹೇಳಿದೀನಿ."

ಅವಳು ಕೈಗಂಟಿದ ಹಿಟ್ಟು ಉಜ್ಜಿ ತೆಗೆದಳು. "ಆತು" ಎಂದಳು. "ಸಿಡ್ನಿ ದೂರ ಐತಿ. ಈಗ ಹೇಳು, ಲಗೂನ ಹೇಳು, ಅಕಿ ಬರೂದ್ರಾಗ. ನೀ ಏನ ನೋಡಿದಿ?"

ಹಾಗಾಗಿ ನಾನು ಕ್ಲೇಟನ್ನಿನ ಆ ಅಡುಗೆಮನೆಯಲ್ಲಿ ನಿಂತು ಹೇಳಿದೆ. ಕೊಳೆತ ಮೀನು, ಕೋಳಿಗೂಡಿನ ವಾಸನೆ ಹೇಳಿದೆ. ಕಂದು ತುಪ್ಪಳದ ಮರಿಗಳನ್ನು ಹೇಳಿದೆ. ಗುಂಪು ಬಿಟ್ಟು ಬಂದ ಒಂದು ಪೆಂಗ್ವಿನ್ ಹೆಜ್ಜೆಗೊಮ್ಮೆ ನಿಂತು ಯೋಚಿಸಿದ್ದನ್ನು, ಪ್ಯಾಂಟಿನ ದಾರವನ್ನು ಎರಡು ಸಲ ಎಳೆದದ್ದನ್ನು ಹೇಳಿದೆ. ಎಡಗಾಲೋ ಬಲಗಾಲೋ ಎಂದು ಕೇಳಿದಳು. ಎಡಗಾಲು ಎಂದೆ. ಕಣ್ಣು ಯಾವ ಬಣ್ಣ ಎಂದು ಕೇಳಿದಳು. ಅವತ್ತೂ, ಆಮೇಲೆ ಫೋಟೋದಲ್ಲೂ ನಾನು ಅದರ ಕಣ್ಣು ನೋಡಿರಲಿಲ್ಲ. ಗೊತ್ತಿಲ್ಲ ಅಕ್ಕಾ ಎಂದಾಗ ಅವಳು ಯಾಕೆಂದು ಕೇಳಲಿಲ್ಲ.

ಮಗಳು ತರಕಾರಿಯ ಚೀಲ ಹಿಡಿದು ಬಂದಳು, ನನ್ನನ್ನು ಕಂಡು ತಬ್ಬಿಕೊಂಡಳು. ಕೂತ ತಕ್ಷಣ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಅಮ್ಮ ಸರಿಯಾಗಿ ಏನೂ ಹೇಳುವುದಿಲ್ಲ, ಪೆಂಗ್ವಿನ್ ನಿಜವಾಗಿ ಅವಳ ಹತ್ತಿರ ಬಂತೇ, ನೀವಾದರೂ ಹೇಳಿ ಆಂಟಿ ಎಂದಳು. ಅಕ್ಕ ಬೆನ್ನು ತಿರುಗಿಸಿಕೊಂಡು ಹಿಟ್ಟು ನಾದುತ್ತಿದ್ದಳು.

"ಬಂತಲ್ಲ" ಎಂದೆ. "ಒಂದು ಸೀದಾ ನಿಮ್ಮಮ್ಮನ ಹತ್ರಾನೇ ಬಂತು. ಬೂಟಿನ ಮುಂದೆ ನಿಂತ್ಕೊಂಡು ಅವಳನ್ನೇ ನೋಡ್ತು."

"ಪ್ಯಾಂಟಿನ ದಾರಾ ಎಳೀತು" ಎಂದಳು ಅಕ್ಕ, ತಿರುಗದೆ. "ಎಡಗಾಲಿಂದು."

ಹುಡುಗಿಯ ಮುಖ ಅರಳಿತು. ಮುಂದಿನ ಕೋಣೆಗೆ ಕೇಳುವಂತೆ ಅಪ್ಪನಿಗೂ ಕೂಗಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಆಗ ನೀವೆಲ್ಲಿದ್ದಿರಿ ಆಂಟಿ, ಫೋಟೋ ತೆಗೆದಿರಾ ಎಂದು ಕೇಳಿದಳು.

ನಾನು ಉತ್ತರವನ್ನು ಇಂಗ್ಲಿಷಿನಲ್ಲೇ ಹೇಳಿದೆ, ಮನೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಇಲ್ಲಮ್ಮ, ನಾನು ಅವಳ ಜೊತೆ ಇರಲಿಲ್ಲ, ಹಡಗಿನಲ್ಲೇ ಉಳಿದೆ. ನನ್ನ ಬ್ಯಾಗಿನಲ್ಲಿ ಅಕ್ಷತೆ ಸಿಕ್ಕಿತು. ನಿಮ್ಮಮ್ಮ ಮೊದಲೇ ಹೇಳಿದ್ದಳು, ನಾನು ಕೇಳಲಿಲ್ಲ.

"ಕ್ವಾರಂಟೈನ್ ಆಂಟಿ!" ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಸರು ಮೆಲ್ಬರ್ನಿಗೂ ಮುಟ್ಟಿತ್ತು. ಮುಂದಿನ ಕೋಣೆಯಿಂದ ಅವಳ ಅಪ್ಪ ನಕ್ಕದ್ದೂ ಕೇಳಿಸಿತು.

ಅಕ್ಕ ನಗಲಿಲ್ಲ. ಹೆಂಚಿನ ಮೇಲೆ ಮರೆತಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.